ಮಾವ ಬದುಕಿ ಬಂದರು. ಸಭೆಯಲ್ಲಿ ಸಾಕ್ಷಿ ಹೇಳೋದು ಹೇಗೆ?

ಹಾಸನದ ಸೊಸೆ

ಎಲ್ಲರಿಗೂ ಸ್ತೋತ್ರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಮ್ಮ ಮಾವನಿಗೆ ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಆಗಿತ್ತು. ಐಸಿಯುನಲ್ಲಿದ್ದರು. ಡಾಕ್ಟರ್ ನನ್ನ ಗಂಡನನ್ನು ಪಕ್ಕಕ್ಕೆ ಕರೆದು "ತಿಳಿಸಬೇಕಾದವರಿಗೆಲ್ಲ ತಿಳಿಸಿಬಿಡಿ" ಅಂದಿದ್ದರು. ನಮ್ಮದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಅಂದರೆ ಚರ್ಚು. ಸಭೆಯವರು ಸರದಿ ಹಾಕಿಕೊಂಡು ರಾತ್ರಿಯೆಲ್ಲ ಪ್ರಾರ್ಥನೆ ಮಾಡಿದರು. ಮಾವ ಎದ್ದು ಬಂದರು. ಈಗ ಟಿವಿ ರಿಮೋಟಿಗಾಗಿ ಮೊಮ್ಮಕ್ಕಳ ಜೊತೆ ಜಗಳ ಆಡುವಷ್ಟು ಆರಾಮಾಗಿದ್ದಾರೆ.

ಈಗ ಮನೆಯಲ್ಲಿ ಮೂರು ಅಭಿಪ್ರಾಯ. ನಮ್ಮ ಸಭಾಪಾಲಕರು, ಅಯ್ಯನವರು, "ಬರುವ ಭಾನುವಾರ ಸ್ತೋತ್ರ ಕಾಣಿಕೆ ಕೊಟ್ಟು ಮೈಕಿನಲ್ಲಿ ಎರಡು ಮಾತು ಸಾಕ್ಷಿ ಹೇಳಿ" ಅಂದಿದ್ದಾರೆ. ಸಾಕ್ಷಿ ಅಂದರೆ ದೇವರು ಮಾಡಿದ ಉಪಕಾರವನ್ನು ಸಭೆಯ ಮುಂದೆ ಹೇಳೋದು. ಅತ್ತೆ ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಹರಕೆ ಮಾಡಿಕೊಂಡಿದ್ದರಂತೆ, ಇಡೀ ಸಭೆಗೆ ಬಿರಿಯಾನಿ ಊಟ ಹಾಕಿಸ್ತೀನಿ ಅಂತ. ನನ್ನ ಗಂಡ "ದೇವರಿಗೆ ಗೊತ್ತು, ನಮಗೆ ಗೊತ್ತು, ಊರಿಗೆಲ್ಲ ಯಾಕೆ ಸಾರಬೇಕು" ಅಂತಾರೆ.

ನನ್ನ ತೊಂದರೆ ಬೇರೆ. ಅದೇ ವಾರ ನಮ್ಮ ಸಭೆಯ ಇನ್ನೊಬ್ಬರಿಗೂ ಪ್ರಾರ್ಥನೆ ನಡೆದಿತ್ತು. ಚಿಕ್ಕ ವಯಸ್ಸಿನವರು, ಬೈಕ್ ಆಕ್ಸಿಡೆಂಟ್. ಅದೇ ಜನ, ಅದೇ ಸರದಿ, ಅದೇ ಕಣ್ಣೀರು. ಅವರು ಉಳಿಯಲಿಲ್ಲ. ಅವರ ಹೆಂಡತಿ ಪ್ರತಿ ಭಾನುವಾರ ಎರಡನೇ ಸಾಲಿನಲ್ಲಿ ಮಗು ಎತ್ತಿಕೊಂಡು ಕೂತಿರುತ್ತಾಳೆ. ಅವಳ ಮುಂದೆ ನಿಂತು "ದೇವರು ನಮ್ಮ ಪ್ರಾರ್ಥನೆ ಕೇಳಿದರು" ಅಂತ ನಾನು ಹೇಗೆ ಹೇಳಲಿ?

ಹುಬ್ಬಳ್ಳಿ ಹಲ್ಲೆಲೂಯಾ

ಪ್ರೈಸ್ ದ ಲಾರ್ಡ್ ಅಕ್ಕಾ! ಮೊದಲು ಮಾವನವರಿಗಾಗಿ ದೇವರಿಗೆ ಮಹಿಮೆ.

ನನ್ನ ಪ್ರಕಾರ ಇದರಲ್ಲಿ ಯೋಚನೆ ಮಾಡೋದಕ್ಕೆ ಏನೂ ಇಲ್ಲ. ಹೇಳಲೇಬೇಕು. ಲೂಕ 17ನೇ ಅಧ್ಯಾಯ ತೆಗೀರಿ. ಹತ್ತು ಜನ ಕುಷ್ಠರೋಗಿಗಳು ಗುಣವಾದರು, ವಾಪಸ್ ಬಂದವನು ಒಬ್ಬ, ಅವನೂ ಯೆಹೂದ್ಯರು ದೂರ ಇಡ್ತಿದ್ದ ಸಮಾರ್ಯದವನು. ಯೇಸು "ಉಳಿದ ಒಂಬತ್ತು ಮಂದಿ ಎಲ್ಲಿ" ಅಂತ ಕೇಳಿದ. ಆ ಒಂಬತ್ತರ ಲೆಕ್ಕಕ್ಕೆ ನಾವು ಸೇರಬಾರದು. ಅವನು ಬಂದದ್ದೂ ಸುಮ್ನೆ ಅಲ್ಲ, ಗಟ್ಟಿ ಧ್ವನಿಯಲ್ಲಿ ದೇವರನ್ನು ಕೊಂಡಾಡುತ್ತಾ ಬಂದ. ಭಾವ ಹೇಳೋ ಹಾಗೆ ಮನಸ್ಸಿನಲ್ಲೇ ಇಟ್ಟುಕೊಳ್ಳೋದು ಬೈಬಲ್ಲಿನ ಪದ್ಧತಿ ಅಲ್ಲ. 107ನೇ ಕೀರ್ತನೆಯಲ್ಲಿ ಬಿಡುಗಡೆ ಆದವರು ಬಾಯಿಬಿಟ್ಟು ಹೇಳಲಿ ಅಂತಲೇ ಇದೆ.

ಆ ಸಹೋದರಿಗಾಗಿ ಪ್ರಾರ್ಥನೆ ಮಾಡೋಣ. ಆದರೆ ಅದಕ್ಕಾಗಿ ದೇವರ ಮಹಿಮೆಯನ್ನು ಮುಚ್ಚಿಡೋದು ಬೇಡ.

ನೈಟ್ ಡ್ಯೂಟಿ ಸಿಸ್ಟರ್

ನಾನು ನರ್ಸ್. ಸಾಕ್ಷಿ ಹೇಳೋದಕ್ಕೆ ನನ್ನ ವಿರೋಧ ಇಲ್ಲ. ಆದರೆ ದಯವಿಟ್ಟು ಒಂದು ಮಾತು ಬೇಡ: "ಡಾಕ್ಟರು ಕೈಬಿಟ್ಟರು, ದೇವರು ಕೈಹಿಡಿದರು." ಪ್ರತಿ ಸಭೆಯಲ್ಲೂ ಕೇಳ್ತೀನಿ. ಕೈಬಿಟ್ಟಿದ್ದರೆ ರಾತ್ರಿ ಎರಡು ಗಂಟೆಗೆ ಸಿರಿಂಜ್ ಪಂಪ್ ಅಲಾರಂ ಹೊಡೆದಾಗ ಓಡಿ ಬಂದವರು ಯಾರು ಸ್ವಾಮಿ? ಡ್ರಿಪ್ ಬದಲಾಯಿಸಿದವರು, ಶೀಟ್ ಬದಲಾಯಿಸಿದವರು, ಯೂರಿನ್ ಎಷ್ಟು ಬಂತು ಅಂತ ಗಂಟೆಗಂಟೆಗೂ ಬರೆದಿಟ್ಟವರು ಯಾರು?

ಹಿಜ್ಕೀಯ ರಾಜನ ಕಥೆ ಓದಿ, ಯೆಶಾಯ 38. ಸಾಯ್ತೀಯ ಅಂತ ಪ್ರವಾದಿಯೇ ಬಂದು ಹೇಳಿದ್ದ. ರಾಜ ಗೋಡೆ ಕಡೆಗೆ ತಿರುಗಿ ಅತ್ತ. ದೇವರು 15 ವರ್ಷ ಆಯುಸ್ಸು ಕೂಡಿಸಿದ. ಅಷ್ಟು ದೊಡ್ಡ ಅದ್ಭುತ. ಅದರ ಕೊನೆಯಲ್ಲಿ ಒಂದು ಪುಟ್ಟ ಸಾಲು ಇದೆ: ಅಂಜೂರದ ಹಣ್ಣಿನ ಉಂಡೆ ತಂದು ಹುಣ್ಣಿನ ಮೇಲೆ ಕಟ್ಟಿ ಅಂತ ಯೆಶಾಯ ಹೇಳಿದ್ದನಂತೆ. ಅಂದರೆ ಔಷಧಿ ಕಟ್ಟಿದವರು ಯಾರೋ ಇದ್ದರು. ಅವರ ಹೆಸರಿಲ್ಲ, ಅಷ್ಟೇ.

ನಿವೃತ್ತ ಅಯ್ಯ

ಸೊಸೆಯವರೇ, ಸಭಾಪಾಲನೆ ಮಾಡಿ ಈಗ ಮನೆಯಲ್ಲಿ ಕೂತಿರುವ ಮುದುಕ ನಾನು. ಬೇಕಾದಷ್ಟು ಸ್ತೋತ್ರ ಕಾಣಿಕೆ ಚೀಟಿಗಳನ್ನು ಓದಿದ್ದೇನೆ. "ಮಗನಿಗೆ ಕೆಲಸ ಸಿಕ್ಕಿದ್ದಕ್ಕಾಗಿ", "ಮನೆ ಕೆಲಸ ಮುಗಿದದ್ದಕ್ಕಾಗಿ", "ಅಪಘಾತದಲ್ಲಿ ಕಾಪಾಡಿದ್ದಕ್ಕಾಗಿ". ಓದುವಾಗ ತಲೆ ಎತ್ತಿ ನೋಡಿದರೆ ಕೆಲಸ ಸಿಗದ ಮಗನ ತಾಯಿ ಎಲ್ಲಿ ಕೂತಿದ್ದಾಳೆ ಅಂತ ಕಾಣುತ್ತಿತ್ತು. ನಿಮ್ಮ ಪ್ರಶ್ನೆ ನನ್ನದೂ ಆಗಿತ್ತು.

ಮೊದಲು ಊಟದ ವಿಷಯ ಹೇಳುತ್ತೇನೆ, ಯಾಕೆಂದರೆ ನಿಮ್ಮ ಅತ್ತೆಯವರು ತಿಳಿಯದೆಯೇ ಸರಿಯಾದ ಜಾಗಕ್ಕೆ ಕೈ ಹಾಕಿದ್ದಾರೆ. ಯಾಜಕಕಾಂಡ 7ರಲ್ಲಿ ಸಮಾಧಾನಯಜ್ಞದ ನಿಯಮಗಳಿವೆ. ಹರಕೆಗಾಗಿಯೋ, ಸ್ವಂತ ಇಷ್ಟದಿಂದಲೋ ಅರ್ಪಿಸಿದ ಪಶುವಿನ ಮಾಂಸವನ್ನು ಮಾರನೇ ದಿನವೂ ತಿನ್ನಬಹುದು. ಆದರೆ ಕೃತಜ್ಞತೆಗಾಗಿ ಅರ್ಪಿಸಿದ್ದನ್ನು ಅದೇ ದಿನ ತಿಂದು ಮುಗಿಸಬೇಕು, ಬೆಳಗಿನ ತನಕ ಏನೂ ಉಳಿಯಬಾರದು. ಜೊತೆಗೆ ರೊಟ್ಟಿಗಳು: ಎಣ್ಣೆ ಬೆರೆಸಿದ್ದು, ಎಣ್ಣೆ ಹಚ್ಚಿದ್ದು, ಹುಳಿ ಇಲ್ಲದ್ದು, ಹುಳಿ ಹಿಟ್ಟಿನದ್ದು. ಒಂದು ಹೋರಿ ಬೇಡ, ಒಂದು ಕುರಿಯನ್ನೇ ತೆಗೆದುಕೊಳ್ಳಿ. ಒಂದು ಮನೆಯವರು ಒಂದೇ ದಿನದಲ್ಲಿ ತಿಂದು ಮುಗಿಸುವ ಮಾತೇ? ಆಗುವುದಿಲ್ಲ. ನಾಲ್ಕು ಜನರನ್ನು ಕರೆಯಲೇಬೇಕು. ಬಂದವರು ಯಾಕೆ ಕರೆದಿರಿ ಅಂತ ಕೇಳಿಯೇ ಕೇಳುತ್ತಾರೆ. ಆಗ ಹೇಳಬೇಕಾಗುತ್ತದೆ. ಸಾಕ್ಷಿಗೆ ಮೈಕು ಬರುವ ಮೊದಲು ಎಲೆ ಹಾಕಿದ್ದರು, ನೋಡಿ. ಆದ್ದರಿಂದ ನಿಮ್ಮ ಯಜಮಾನರ ಮಾತು ನನಗೆ ಒಪ್ಪಿಗೆಯಿಲ್ಲ. ಉಪಕಾರ ಸ್ಮರಣೆ ಗುಟ್ಟಾಗಿ ಮಾಡುವ ಕೆಲಸವಲ್ಲ.

ಆದರೆ ಹುಬ್ಬಳ್ಳಿ ತಮ್ಮ ಅಷ್ಟು ಬೇಗ ದಾಟಿಹೋದ ವಿಷಯ ಇದೆಯಲ್ಲ, ಅದನ್ನು ನಾನು ದಾಟಲಾರೆ. 116ನೇ ಕೀರ್ತನೆ ಸಾವಿನ ಬಾಯಿಂದ ಬಂದವನ ಸ್ತೋತ್ರ. ಮರಣದ ಪಾಶಗಳು ಸುತ್ತಿಕೊಂಡಿದ್ದವು, ಕರೆದೆ, ಕೇಳಿದ, ಅನ್ನುತ್ತಾನೆ. 12ನೇ ವಚನದಲ್ಲಿ ಇದಕ್ಕೆಲ್ಲ ಬದಲಾಗಿ ಏನು ಕೊಡಲಿ ಅಂತ ಕೇಳುತ್ತಾನೆ. ಎಲ್ಲ ಜನರ ಮುಂದೆ ಹರಕೆ ತೀರಿಸುತ್ತೇನೆ ಅನ್ನುವ ಮಾತು ಎರಡು ಸಲ ಬರುತ್ತದೆ, 14ರಲ್ಲಿ ಮತ್ತು 18ರಲ್ಲಿ. ಆ ಎರಡರ ನಡುವೆ, 15ರಲ್ಲಿ ಏನಿದೆ ನೋಡಿ. ದೇವರ ಭಕ್ತರ ಮರಣ ಆತನ ಕಣ್ಣಿಗೆ ಅಲ್ಪವಲ್ಲ ಅಂತ. ತಾನು ಬದುಕಿದ ಖುಷಿಯ ಹಾಡಿನಲ್ಲಿ ಸತ್ತವರ ಬಗ್ಗೆ ಒಂದು ಸಾಲು! ನಾವು ಸ್ತೋತ್ರ ಕೂಟದಲ್ಲಿ ಓದುವಾಗ 14ಕ್ಕೆ ನಿಲ್ಲಿಸಿಬಿಡುತ್ತೇವೆ.

ಹುಬ್ಬಳ್ಳಿ ಹಲ್ಲೆಲೂಯಾ

ಅಯ್ಯನವರೇ, 15 ನೋಡಿದ್ದೆ, ಆದರೆ ಅದನ್ನ ಸಾವಿನ ಮನೆಯಲ್ಲಿ ಮಾತ್ರ ಓದಿ ಅಭ್ಯಾಸ. ಸಿಸ್ಟರ್, ನಿಮ್ಮ ಮಾತೂ ಒಪ್ಪಿದೆ.

ಚಿಕ್ಕಮಗಳೂರು ಚಳಿ

ನಾನು ಇಲ್ಲಿ ಸಾಮಾನ್ಯವಾಗಿ ಓದಿ ಹೋಗುವವನು. ಇವತ್ತು ಬರೆಯಬೇಕು ಅನ್ನಿಸಿತು, ಯಾಕೆಂದರೆ ಆ ಎರಡನೇ ಸಾಲಿನಲ್ಲಿ ಒಂದು ಕಾಲಕ್ಕೆ ನಾನು ಕೂತಿದ್ದೆ.

ನನ್ನ ಹೆಂಡತಿಗೆ ಕ್ಯಾನ್ಸರ್ ಇತ್ತು. ಸಭೆ ಉಪವಾಸ ಪ್ರಾರ್ಥನೆ ಮಾಡಿತು. ಅವಳು ಹೋದಳು. ಅದಾದ ಮೇಲೆ ಆರಾಧನೆಯಲ್ಲಿ ಸಾಕ್ಷಿಯ ಸಮಯ ಬಂದರೆ ನಾನು ನೀರು ಕುಡಿಯೋ ನೆಪದಲ್ಲಿ ಹೊರಗೆ ಹೋಗ್ತಿದ್ದೆ. ಚಪ್ಪಲಿಗಳ ಹತ್ತಿರ ನಿಂತಿರ್ತಿದ್ದೆ. ಚಪ್ಪಾಳೆ ಕೇಳಿಸಿದ ಮೇಲೆ ಒಳಗೆ ಬರ್ತಿದ್ದೆ.

ಯಾವುದು ನೋವು ಮಾಡಿತು ಅಂತ ಹೇಳ್ತೀನಿ. ಬೇರೆಯವರು ಬದುಕಿದ್ದು ಅಲ್ಲ. ಒಬ್ಬರು ಉಳಿದರು ಅಂದರೆ ನನಗೂ ನಿಜವಾಗಿ ಖುಷಿಯಾಗ್ತಿತ್ತು, ಆ ನೋವು ಏನು ಅಂತ ಗೊತ್ತಿತ್ತಲ್ಲ. ನೋವು ಮಾಡಿದ್ದು "ನಾವು ಗಟ್ಟಿಯಾಗಿ ನಂಬಿದ್ವಿ, ಅದಕ್ಕೇ ಆಯಿತು" ಅನ್ನುವ ಮಾತು. ಹಾಗಾದರೆ ನಾನು ಮೆತ್ತಗೆ ನಂಬಿದ್ದೆನಾ? ನನ್ನ ಮಗಳು ಆಗ ಸಣ್ಣವಳು, ಮನೆಗೆ ಬಂದು ಅದೇ ಪ್ರಶ್ನೆ ಕೇಳಿದಳು.

ಇನ್ನೊಂದು, ಯಾರೂ ಮೊದಲೇ ಹೇಳ್ತಿರಲಿಲ್ಲ. ಇದ್ದಕ್ಕಿದ್ದ ಹಾಗೆ ಮೈಕು, ಐಸಿಯು, ವೆಂಟಿಲೇಟರ್, ಎಲ್ಲ ಶುರುವಾಗ್ತಿತ್ತು. ಒಬ್ಬರು ಮಾತ್ರ ಶನಿವಾರ ಸಂಜೆ ಮನೆಗೆ ಬಂದು, "ನಾಳೆ ನಾನು ಸ್ತೋತ್ರ ಹೇಳ್ತಿದೀನಿ ಅಣ್ಣ, ನಿಮಗೆ ಕಷ್ಟ ಆಗಬಹುದು, ಬರದೇ ಇದ್ದರೂ ನಾನು ಏನೂ ಅಂದುಕೊಳ್ಳಲ್ಲ" ಅಂದರು. ಆ ಭಾನುವಾರ ನಾನು ಹೊರಗೆ ಹೋಗಲಿಲ್ಲ.

ಆದ್ದರಿಂದ ತಂಗಿ, ಸಾಕ್ಷಿ ನಿಲ್ಲಿಸಬೇಡಿ. ನೀವು ಅವಳಿಗಾಗಿ ನಿಲ್ಲಿಸಿದಿರಿ ಅಂತ ಗೊತ್ತಾದರೆ ಅವಳಿಗೆ ಇನ್ನೂ ಹಿಂಸೆ. ತನ್ನ ದುಃಖ ಊರಿನವರ ಬಾಯಿ ಕಟ್ಟಿತು ಅನ್ನಿಸುತ್ತೆ. ಹೋಗಿ ಮೊದಲೇ ಹೇಳಿ. ಅಷ್ಟೇ.

ಹಾಸನದ ಸೊಸೆ

ಅಣ್ಣ, ಏನು ಹೇಳಬೇಕೋ ಗೊತ್ತಾಗ್ತಿಲ್ಲ. ಮಗಳು ಈಗ ಚೆನ್ನಾಗಿದ್ದಾಳಾ? ಹೋಗಿ ಮಾತಾಡ್ತೀನಿ. ಹೋದರೆ ಏನು ತಗೊಂಡು ಹೋಗಬೇಕು, ಏನು ಹೇಳಬೇಕು ಅಂತಲೇ ಭಯ.

ಚಿಕ್ಕಮಗಳೂರು ಚಳಿ

ಚೆನ್ನಾಗಿದ್ದಾಳೆ, ಕಾಲೇಜು. ಏನೂ ತಗೊಂಡು ಹೋಗಬೇಡಿ. ಮಗುವಿಗೆ ಬಿಸ್ಕತ್ತು ಸಾಕು. ವಚನ ಹೇಳಬೇಡಿ.

ನಿವೃತ್ತ ಅಯ್ಯ

ಚಳಿಯವರೇ, ನೀವು ಬರೆದದ್ದನ್ನು ನನ್ನ ಹೆಂಡತಿಗೂ ಓದಿ ಹೇಳಿದೆ.

ಅಪೊಸ್ತಲರ ಕೃತ್ಯಗಳು 12ನೇ ಅಧ್ಯಾಯ ನನಗೆ ಈ ವಿಷಯದಲ್ಲಿ ದೊಡ್ಡ ಪಾಠ. ಯೇಸುವಿನ ಶಿಷ್ಯ ಪೇತ್ರ ಸೆರೆಯಿಂದ ಬಿಡುಗಡೆಯಾದ ಕಥೆ ಎಲ್ಲರಿಗೂ ಗೊತ್ತು. ನಾಲ್ಕು ನಾಲ್ಕು ಸಿಪಾಯಿಗಳ ನಾಲ್ಕು ತಂಡ ಕಾವಲು, ದೇವದೂತ, ಬೇಡಿ ಕಳಚಿತು, ಕಬ್ಬಿಣದ ಬಾಗಿಲು ತಾನಾಗಿ ತೆರೆಯಿತು. ಆದರೆ ಆ ಅಧ್ಯಾಯ ಶುರುವಾಗುವುದು ಹೆರೋದ ರಾಜ ಯೋಹಾನನ ಅಣ್ಣ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ ಅನ್ನುವಲ್ಲಿಂದ. ಒಂದೇ ಸಾಲು. ಪೇತ್ರ, ಯಾಕೋಬ ಇಬ್ಬರೂ ಯೇಸುವಿನ ಹತ್ತಿರದವರು. ಇಬ್ಬರೂ ಗಲಿಲಾಯದ ಬೆಸ್ತರು, ಒಂದೇ ಕೆರೆಯಲ್ಲಿ ಬಲೆ ಹಾಕಿದವರು. ಒಬ್ಬನಿಗೆ ದೇವದೂತ, ಒಬ್ಬನಿಗೆ ಕತ್ತಿ. ಯಾಕೆ ಅಂತ ಆ ಪುಸ್ತಕ ಬರೆದ ಲೂಕ ಒಂದು ಮಾತೂ ಬರೆದಿಲ್ಲ. ಪೇತ್ರನ ನಂಬಿಕೆ ಜಾಸ್ತಿಯಿತ್ತು ಅಂತಲೂ ಬರೆದಿಲ್ಲ. ಅವನು ನಿದ್ದೆ ಮಾಡುತ್ತಿದ್ದ. ದೇವದೂತ ಪಕ್ಕೆ ತಟ್ಟಿ ಎಬ್ಬಿಸಬೇಕಾಯಿತು. ಪ್ರಾರ್ಥನೆ ಮಾಡುತ್ತಿದ್ದವರಾದರೂ ನಂಬಿದರೇ? ರೋದೆ ಎಂಬ ಹುಡುಗಿ ಓಡಿ ಬಂದು ಪೇತ್ರ ಬಾಗಿಲಲ್ಲಿದ್ದಾನೆ ಅಂದರೆ "ನಿನಗೆ ಹುಚ್ಚು" ಅಂದರು.

ಈಗ ಪೇತ್ರ ಒಳಗೆ ಬಂದ ಮೇಲೆ ಏನು ಮಾಡಿದ ಅಂತ ನಿಧಾನವಾಗಿ ಓದಿ. ಸುಮ್ಮನಿರಿ ಅಂತ ಕೈಸನ್ನೆ ಮಾಡಿದ. ಕರ್ತನು ತನ್ನನ್ನು ಹೇಗೆ ಹೊರಗೆ ತಂದ ಅಂತ ಹೇಳಿದ. ಇಲ್ಲಿ ಇಲ್ಲದವರಿಗೂ ತಿಳಿಸಿ ಅಂದ. ಹೊರಟುಹೋದ. ಅದೇ ಸಾಕ್ಷಿ. ಯಾಕೋಬನಿಗಾಗಿ ಇನ್ನೂ ಶೋಕದಲ್ಲಿದ್ದಿರಬೇಕಾದ ಮನೆ ಅದು. ಚುಟುಕಾಗಿ, ಆದದ್ದನ್ನು ಮಾತ್ರ ಹೇಳಿದ. ಯಾಕೆ ತನಗೆ ಆಯಿತು ಅನ್ನುವ ವ್ಯಾಖ್ಯಾನ ಸೇರಿಸಲಿಲ್ಲ.

"ದೇವರು ನಮ್ಮ ಪ್ರಾರ್ಥನೆ ಕೇಳಿದರು" ಅನ್ನುವುದು ಹೇಗೆ ಅಂತ ಕೇಳಿದಿರಿ. ನನ್ನ ಸಲಹೆ: "ದೇವರು ಮಾವನನ್ನು ನಮಗೆ ಹಿಂದಕ್ಕೆ ಕೊಟ್ಟರು, ವಂದನೆ" ಅನ್ನಿ. ಕೇಳಿದ್ದು, ಕೇಳದೇ ಇದ್ದದ್ದು, ಆ ಲೆಕ್ಕ ನಿಮ್ಮ ಕೈಯಲ್ಲಿ ಇಲ್ಲ.

ಕಡಲತಡಿ

ನಾನು ಮಂಗಳೂರು ಕಡೆಯ ಕಥೋಲಿಕ. ನಿಮ್ಮಲ್ಲಿ ಮೈಕಿನಲ್ಲಿ ಸಾಕ್ಷಿ ಹೇಳುವ ಪದ್ಧತಿ ಜಾಸ್ತಿ, ನಮ್ಮಲ್ಲಿ ಕಡಿಮೆ. ನಾವು ಕೃತಜ್ಞತೆಗೆ ಬಲಿಪೂಜೆ (ಮಾಸ್) ಇಡಿಸುತ್ತೇವೆ. ಫಾದರ್ ಒಂದು ಸಾಲು ಓದುತ್ತಾರೆ, ಮುಗಿಯಿತು. ಆಮೇಲೆ ಮೇಣದ ಬತ್ತಿ. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸ್ ಬಸಿಲಿಕಕ್ಕೆ, ಕೆ.ಆರ್. ನಗರದ ಹತ್ತಿರ ಡೋರ್ನಹಳ್ಳಿಯ ಸಂತ ಅಂತೋಣಿ ಬಸಿಲಿಕಕ್ಕೆ, ತಮಿಳುನಾಡಿನ ವೇಳಾಂಕಣಿಗೆ ಹರಕೆ ತೀರಿಸಲು ಹೋಗುವವರು ಎಷ್ಟು ಜನ! ಅದರಲ್ಲಿ ನಮ್ಮವರಲ್ಲದವರೂ ಬೇಕಾದಷ್ಟು. ವೇಳಾಂಕಣಿಯ ಇಗರ್ಜಿಯ (ಚರ್ಚಿನ) ಐತಿಹ್ಯವೇ ಅಂಥದ್ದು. ಬಿರುಗಾಳಿಯಲ್ಲಿ ಸಿಕ್ಕ ಪೋರ್ಚುಗೀಸ್ ನಾವಿಕರು ದೇವಮಾತೆಯನ್ನು ಬೇಡಿಕೊಂಡು ದಡ ಸೇರಿದರು, ಅದಕ್ಕಾಗಿ ಗುಡಿಸಲಿನ ಜಾಗದಲ್ಲಿ ದೇವಾಲಯ ಕಟ್ಟಿಸಿದರು ಅನ್ನುತ್ತಾರೆ.

ಅಯ್ಯನವರ ಮಾತಿಗೆ ನಮ್ಮ ಕಡೆಯ ಇನ್ನೊಂದು ಉದಾಹರಣೆ. ಟಿಪ್ಪು ಕಾಲದಲ್ಲಿ, 1784ರಲ್ಲಿ ಕೆನರಾದ (ನಮ್ಮ ಕರಾವಳಿಯ) ಕ್ರೈಸ್ತರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದರು. ಬಿಡುಗಡೆಯಾದದ್ದು 1799ರಲ್ಲಿ. ಎಷ್ಟು ಜನ ಹೋದರು, ಎಷ್ಟು ಜನ ಬಂದರು ಅನ್ನುವುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಬಹಳ ಜನ ದಾರಿಯಲ್ಲಿ, ಸೆರೆಯಲ್ಲಿ ಸತ್ತರು ಅನ್ನುವುದು ಮಾತ್ರ ಖರೆ. ಬಂದವರು ಇಗರ್ಜಿಗಳನ್ನು ಮತ್ತೆ ಎಬ್ಬಿಸಿದರು. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ 1680ರಷ್ಟು ಹಳೆಯದು, 1784ರಲ್ಲಿ ಕೆಡವಿದ್ದರು, ಮತ್ತೆ ಕಟ್ಟಿದರು, ಈಗ ಕಾಣುವ ಕಟ್ಟಡ 1911ರದು. ಅಲ್ಲಿ ಸ್ತೋತ್ರ ಹಾಡಿದ ಮೊದಲ ತಲೆಮಾರಿನ ಪ್ರತಿಯೊಬ್ಬನಿಗೂ ವಾಪಸ್ ಬಾರದ ಅಣ್ಣನೋ ಅಮ್ಮನೋ ಇದ್ದಿರಬೇಕು. ಬದುಕಿದವರು ಬೇರೆ, ಕಳಕೊಂಡವರು ಬೇರೆ ಅಂತ ಎರಡು ಬೆಂಚು ಇರಲಿಲ್ಲ.

ದೇವಮಾತೆ ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಹಬ್ಬದ ದಿನ, ಸೆಪ್ಟೆಂಬರ್ 8ಕ್ಕೆ, ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆ ಮನೆಗೆ ತಂದು, ಹೊಸ ಅಕ್ಕಿ ಕಾಳು ಬಿಡಿಸಿ ಹಾಲಿಗೆ ಇಲ್ಲವೇ ಪಾಯಸಕ್ಕೆ ಹಾಕುತ್ತೇವೆ. ಊರಲ್ಲಿ ಇಲ್ಲದವರಿಗೂ ಕಾಳು ತೆಗೆದಿಡುತ್ತೇವೆ. ಮುಂಬೈಗೆ, ಗಲ್ಫಿಗೆ ಲಕೋಟೆಯಲ್ಲಿ ಕಳಿಸಿದ್ದೂ ಉಂಟು. ಬಾರದವರ ಪಾಲು ತೆಗೆದಿಟ್ಟೇ ನಮ್ಮ ಊಟ.

ಬಯಲುಸೀಮೆ ಬಸವ

ಟಿಪ್ಪು ವಿಚಾರ ತೆಗೆದಿರಲ್ಲ, ಅದರ ಹಿಂದೆ ಬ್ರಿಟಿಷರ ಜೊತೆಗಿನ ಯುದ್ಧದ ರಾಜಕೀಯ ಇತ್ತು ಅನ್ನೋದನ್ನೂ ಹೇಳಬೇಕಲ್ವಾ?

ನಿರ್ವಾಹಕರು

ಇತ್ತು, ಅದಕ್ಕೆ ಬೇರೆ ಎಳೆ ಇದೆ, ಅಲ್ಲಿ ಬರೆಯಿರಿ. ಇಲ್ಲಿ ಸೊಸೆಯವರ ಮಾವನ ವಿಷಯ ನಡೆಯುತ್ತಿದೆ.

ದುಬೈ ದೇವಪ್ಪ

ಎಲ್ಲರೂ ಊಟ ಊಟ ಅಂತಿದ್ದೀರಿ. ಖರ್ಚಿನ ಬಗ್ಗೆ ಯಾರೂ ಮಾತಾಡಲ್ಲ. ಆಸ್ಪತ್ರೆ ಬಿಲ್ ಕಟ್ಟಿ ಬಂದ ಮನೆ ಅದು. ಇಡೀ ಸಭೆಗೆ ಮಟನ್ ಬಿರಿಯಾನಿ ಅಂದರೆ ಇವತ್ತಿನ ರೇಟಿಗೆ ತಮಾಷೆನಾ? ನಮ್ಮೂರಲ್ಲಿ ಸಾಲ ಮಾಡಿ ಸ್ತೋತ್ರ ಕೂಟ ಮಾಡಿದವರನ್ನು ನೋಡಿದ್ದೇನೆ. ಊಟ ಮಾಡಿ ಕೈ ತೊಳೆದವರೇ ಆಮೇಲೆ "ಪೀಸ್ ಕಡಿಮೆ ಇತ್ತು" ಅಂದರು. ಹರಕೆ ಅನ್ನೋದೇ ತಪ್ಪು ಅಂತ ನನ್ನ ಅಭಿಪ್ರಾಯ. ದೇವರ ಜೊತೆ ವ್ಯಾಪಾರ. ಯುದ್ಧ ಗೆದ್ದರೆ ಮನೆಬಾಗಿಲಿಂದ ಮೊದಲು ಎದುರು ಬಂದದ್ದನ್ನು ಅರ್ಪಿಸ್ತೀನಿ ಅಂತ ಯೆಫ್ತಾಹ ಹರಕೆ ಮಾಡಿ ಮಗಳನ್ನೇ ಕಳಕೊಂಡ, ನ್ಯಾಯಸ್ಥಾಪಕರು 11.

ಹುಬ್ಬಳ್ಳಿ ಹಲ್ಲೆಲೂಯಾ

ಆದರೆ ದಾವೀದ ರಾಜ ಏನಂದ ದೇವಪ್ಪಣ್ಣ? ಯಜ್ಞಕ್ಕೆ ಅಂತ ಅರೌನ ಅನ್ನುವವನು ತನ್ನ ಕಣವನ್ನೂ ಎತ್ತುಗಳನ್ನೂ ಪುಕ್ಕಟೆ ಕೊಡ್ತೀನಿ ಅಂದಾಗ, ಖರ್ಚಿಲ್ಲದ್ದನ್ನು ನನ್ನ ದೇವರಿಗೆ ಅರ್ಪಿಸಲ್ಲ ಅಂದ. ಸ್ತೋತ್ರಕ್ಕೆ ಕೈಯಿಂದ ಹೋಗಬೇಕು.

ದುಬೈ ದೇವಪ್ಪ

ತನ್ನ ಕೈಯಿಂದ ತಮ್ಮಾ. ಫೈನಾನ್ಸ್‌ನವನ ಕೈಯಿಂದ ಅಲ್ಲ.

ನಿವೃತ್ತ ಅಯ್ಯ

ಅದಕ್ಕೆ ನಾನು ನಕ್ಕೆ. ಆದರೂ ಯೆಫ್ತಾಹನ ಪಕ್ಕದಲ್ಲಿ ಹನ್ನಳನ್ನೂ ಇಡಿ. ಮಕ್ಕಳಿಲ್ಲದೆ ಮಗನಿಗಾಗಿ ಬೇಡಿಕೊಂಡ ಅವಳದೂ ಹರಕೆಯೇ. ಯೆಫ್ತಾಹ ಬಾಯಿಗೆ ಬಂದದ್ದನ್ನು ಹೇಳಿದ. ಮನೆಬಾಗಿಲಿಂದ ಮೊದಲು ಯಾರು ಬರಬಹುದು ಅಂತ ಯೋಚಿಸಲಿಲ್ಲ. ಹನ್ನ ತನಗೆ ಸಿಗಬೇಕಾದದ್ದನ್ನೇ ಕೊಡುತ್ತೇನೆ ಅಂದಳು. ಕೊಟ್ಟಳು ಕೂಡ. ಒಂದು ಸಂಗತಿ ಗಮನಿಸಿದ್ದೀರಾ? ಅವಳ ದೊಡ್ಡ ಹಾಡು ಬರುವುದು ಮಗ ಹುಟ್ಟಿದಾಗ ಅಲ್ಲ. ಹಾಲು ಬಿಡಿಸಿ ಶಿಲೋವಿಗೆ ಕರಕೊಂಡು ಹೋಗಿ, ಮಗುವನ್ನು ಯಾಜಕ ಏಲಿಯ ಹತ್ತಿರ ಬಿಟ್ಟಾಗ ಹಾಡಿದಳು. ಕೈ ಬರಿದಾದಾಗ. ಆಮೇಲೆ ವರ್ಷಕ್ಕೊಂದು ಸಲ ಬರುವಾಗ ಅವನ ಅಳತೆಗೆ ಒಂದು ಪುಟ್ಟ ನಿಲುವಂಗಿ ಹೊಲಿದು ತರುತ್ತಿದ್ದಳು ಅಂತ ಒಂದನೇ ಸಮುವೇಲ ಎರಡನೇ ಅಧ್ಯಾಯದಲ್ಲಿದೆ. ಎಷ್ಟು ಬೆಳೆದಿರಬಹುದು ಅಂತ ಅಂದಾಜು ಮಾಡಿಯೇ ಹೊಲಿಯಬೇಕಲ್ಲ. ನನಗೆ ಆ ಹಾಡಿಗಿಂತ ಈ ಅಂಗಿಯಲ್ಲೇ ಭಕ್ತಿ ಜಾಸ್ತಿ ಕಾಣುತ್ತದೆ.

ಹರಕೆ ಮಾಡಿದ ಮೇಲೆ ತೀರಿಸಬೇಕು, ಪ್ರಸಂಗಿ 5 ಹಾಗೇ ಹೇಳುತ್ತದೆ. ಆದರೆ ಅತ್ತೆ "ಊಟ" ಅಂದರೋ "ಮಟನ್" ಅಂದರೋ ಕೇಳಿ. ಗಾಬರಿಯಲ್ಲಿ ತೂಕ ಹೇಳಿರಲಾರರು.

ಹಾಸನದ ಸೊಸೆ

ಕೇಳಿದೆ. "ಬಿರಿಯಾನಿ ಅಂದಿದ್ದು ನಿಜ, ಯಾವುದು ಅಂತ ಹೇಳಿಲ್ಲ" ಅಂದರು. ನಗು ಬಂತು.

ದೇವಪ್ಪಣ್ಣ, ಸಾಲ ಮಾಡಲ್ಲ. ನನ್ನ ಗಂಡ ಒಂದು ಮಾತು ಹೇಳಿದರು, ಇಲ್ಲಿ ಕೇಳಬೇಕು ಅನ್ನಿಸಿತು. "ಊಟ ಹಾಕಿ, ಸಾಕ್ಷಿ ಹೇಳಿ, ಕಾಣಿಕೆ ಕೊಟ್ಟುಬಿಟ್ಟರೆ ಬಾಕಿ ತೀರಿತು ಅಂತ ನಮಗೇ ಅನ್ನಿಸಿಬಿಡುತ್ತೆ. ಆರು ತಿಂಗಳು ಕಳೆದರೆ ಅಪ್ಪ ಮತ್ತೆ ಬೀಡಿ, ನಾನು ಮತ್ತೆ ಭಾನುವಾರ ಕ್ರಿಕೆಟ್. ಅದಕ್ಕೇ ನನಗೆ ಈ ಗಲಾಟೆ ಬೇಡ ಅನ್ನಿಸೋದು." ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನೈಟ್ ಡ್ಯೂಟಿ ಸಿಸ್ಟರ್

ನಿಮ್ಮ ಯಜಮಾನರು ಬುದ್ಧಿವಂತರು. ನಾನು ಹೇಳಿದ ಹಿಜ್ಕೀಯನ ಕಥೆಯ ಉಳಿದ ಭಾಗ ಅದೇ. ಗುಣವಾದ, ಎಷ್ಟು ಚೆನ್ನಾಗಿ ಹಾಡು ಬರೆದ! ಬದುಕಿರೋ ದಿನವೆಲ್ಲ ದೇವಾಲಯದಲ್ಲಿ ತಂತಿವಾದ್ಯ ನುಡಿಸ್ತೀವಿ ಅಂದ. ಮುಂದಿನ ಅಧ್ಯಾಯಕ್ಕೆ ಬಾಬೆಲಿನಿಂದ ಆರೋಗ್ಯ ವಿಚಾರಿಸೋಕೆ ಜನ ಬಂದರು. ಅವರ ಮುಂದೆ ದೇವರ ವಿಷಯ ತೆಗೆದದ್ದು ಎಲ್ಲೂ ಇಲ್ಲ. ಬೆಳ್ಳಿ, ಬಂಗಾರ, ಸುಗಂಧದೆಣ್ಣೆ, ಆಯುಧಶಾಲೆ, ಉಗ್ರಾಣ ಎಲ್ಲ ತೋರಿಸಿದ. ಎರಡನೇ ಪೂರ್ವಕಾಲವೃತ್ತಾಂತ 32ರಲ್ಲಿ ನೇರವಾಗಿ ಬರೆದುಬಿಟ್ಟಿದ್ದಾರೆ, ಆದ ಉಪಕಾರಕ್ಕೆ ತಕ್ಕ ಹಾಗೆ ಅವನು ನಡಕೊಳ್ಳಲಿಲ್ಲ ಅಂತ.

ಡಿಸ್ಚಾರ್ಜ್ ದಿನ ಕೈ ಮುಗಿದು ಹೋದವರು ಮೂರು ತಿಂಗಳಿಗೆ ಫಾಲೋ ಅಪ್‌ಗೂ ಬರಲ್ಲ. ನನಗೆ ಆಶ್ಚರ್ಯ ಆಗಲ್ಲ.

ಕಡಲತಡಿ

ನಮ್ಮಲ್ಲಿ ಪಾಸ್ಖದ (ಈಸ್ಟರಿನ) ಹಿಂದಿನ ರಾತ್ರಿ ಜಾಗರಣೆಯಲ್ಲಿ ವಿಮೋಚನಕಾಂಡ 14 ಓದಲೇಬೇಕು, ಬೇರೆ ಪಾಠ ಕಡಿಮೆ ಮಾಡಿದರೂ ಅದನ್ನು ಬಿಡುವ ಹಾಗಿಲ್ಲ. ಕೆಂಪು ಸಮುದ್ರ ದಾಟಿದ ಕಥೆ. ಅದಾದ ಕೂಡಲೇ 15ರ ಹಾಡು. ಮಿರ್ಯಾಮಳು ದಮ್ಮಡಿ ಹಿಡಿದು ಕುಣಿದದ್ದು ಅದೇ ಅಧ್ಯಾಯದಲ್ಲಿ. ಮೂರು ದಿನ ನಡೆದರು, ಮಾರಾದಲ್ಲಿ ನೀರು ಕಹಿ, ಗೊಣಗಾಟ ಶುರು. ಅದೂ 15ನೇ ಅಧ್ಯಾಯವೇ! ಹಾಡು ಮತ್ತು ಗೊಣಗಾಟ ಒಂದೇ ಪುಟದಲ್ಲಿ. ಹಾಗಂತ ಆ ಹಾಡನ್ನು ಬಿಟ್ಟಿದ್ದೇವಾ? ವರ್ಷ ವರ್ಷ ಹಾಡುತ್ತೇವೆ. ನಿಮ್ಮ ಯಜಮಾನರಿಗೆ ಹೇಳಿ, ಮರೆಯುತ್ತೇವೆ ಅಂತಲೇ ಎಲ್ಲರ ಮುಂದೆ ಹೇಳಿಟ್ಟುಕೊಳ್ಳುವುದು. ಬೀಡಿ ಹಚ್ಚಿದರೆ "ಏನು ಮಾರಾಯ್ರೆ, ಅವತ್ತು ಮೈಕಿನಲ್ಲಿ ಏನೋ ಹೇಳಿದಿರಲ್ಲ" ಅಂತ ಕೇಳಲು ಜನ ಬೇಕಲ್ಲ.

ನಿವೃತ್ತ ಅಯ್ಯ

ಕಡಲತಡಿಯವರ ಮಾತಿಗೆ ಸೇರಿಸುತ್ತೇನೆ. ನಮ್ಮವರ ಎಷ್ಟೋ ಮನೆಗಳ ಗೇಟಿನ ಮೇಲೆ "ಎಬೆನೆಜರ್" ಅಂತ ಬರೆದಿರುತ್ತದೆ. ಒಂದನೇ ಸಮುವೇಲ 7ರಲ್ಲಿ ಸಮುವೇಲ ನಿಲ್ಲಿಸಿದ ಕಲ್ಲು ಅದು. ಇಲ್ಲಿಯ ತನಕ ಯೆಹೋವನು ನಮಗೆ ಸಹಾಯ ಮಾಡಿದನು ಅಂದ. ಇಲ್ಲಿಯ ತನಕ ಅಷ್ಟೇ. ನಾಳೆಯ ಬಗ್ಗೆ ಡಂಗುರ ಹೊಡೆಯಲಿಲ್ಲ.

ಯೇಸು ಗುಣಪಡಿಸಿದವರಲ್ಲಿ ನನಗೆ ಇಬ್ಬರು ಇಷ್ಟ. ಒಬ್ಬಳು ಪೇತ್ರನ ಅತ್ತೆ. ಮಾರ್ಕ 1ರಲ್ಲಿ ಜ್ವರ ಬಿಟ್ಟಿತು, ಎದ್ದು ಉಪಚಾರ ಮಾಡಿದಳು. ಅವಳ ಬಾಯಿಂದ ಒಂದು ಮಾತೂ ದಾಖಲಾಗಿಲ್ಲ. ಇನ್ನೊಬ್ಬ ಗೆರಸೇನರ ಸೀಮೆಯ ದೆವ್ವ ಹಿಡಿದಿದ್ದವನು. ಅವನು ನಿನ್ನ ಜೊತೆಗೇ ಬರುತ್ತೇನೆ ಅಂತ ದೋಣಿಯ ಹತ್ತಿರ ಬೇಡಿಕೊಂಡ. ಯೇಸು ಬೇಡ ಅಂದು, ಮನೆಗೆ ಹೋಗು, ನಿನ್ನವರಿಗೆ ಹೇಳು ಅಂದ. ಒಬ್ಬಳು ಅಡುಗೆಮನೆಗೆ, ಒಬ್ಬ ದೆಕಪೊಲಿಯ ಬೀದಿಗೆ. ಎಲ್ಲರಿಗೂ ಮೈಕು ಕೊಡಬೇಕಿಲ್ಲ. ಮಾವನವರ ಸ್ವಭಾವ ಹೇಗೆ?

ಹಾಸನದ ಸೊಸೆ

ಸಂಕೋಚದವರು. ಮದುವೆ ಮನೆಯಲ್ಲೂ ಮೂಲೆ ಹಿಡಿಯುವವರು. "ಮಾತಾಡೋದಕ್ಕೆ ನನಗೆ ಬರಲ್ಲ, ಓದಲು ಹೇಳಿದರೆ ಒಂದು ಕೀರ್ತನೆ ಓದ್ತೀನಿ" ಅಂದಿದ್ದಾರೆ.

ಅವಳ ಮನೆಗೆ ನಿನ್ನೆ ಹೋಗಿದ್ದೆ. ಚಳಿ ಅಣ್ಣ ಹೇಳಿದ ಹಾಗೆ ಬಿಸ್ಕತ್ತು ತಗೊಂಡು ಹೋದೆ. ವಿಷಯ ಹೇಳಿದೆ. ಅವಳು ಸ್ವಲ್ಪ ಹೊತ್ತು ಮಗುವಿನ ಉಗುರು ಕತ್ತರಿಸ್ತಾ ಇದ್ದಳು. ಆಮೇಲೆ "ಅಂಕಲ್ ಓದಲಿ ಅಕ್ಕ, ನಾನು ಬರ್ತೀನೋ ಇಲ್ವೋ ಅವತ್ತು ನೋಡ್ತೀನಿ" ಅಂದಳು. ಅಷ್ಟೇ ಮಾತಾಗಿದ್ದು.

ಈಗ ಎರಡು ಪ್ರಶ್ನೆ. ಯಾವ ಕೀರ್ತನೆ? ಮತ್ತೆ ಇದು ಲೆಂಟ್, ಈಸ್ಟರಿಗೆ ಮುಂಚಿನ ಉಪವಾಸದ ಕಾಲ. ಅತ್ತೆ ಲೆಂಟಿನಲ್ಲಿ ಮಾಂಸ ಮುಟ್ಟಲ್ಲ. ಸ್ತೋತ್ರ ಕಾಣಿಕೆ ಲೆಂಟಿನಲ್ಲಿ ಕೊಡಬಹುದಾ?

ಹುಬ್ಬಳ್ಳಿ ಹಲ್ಲೆಲೂಯಾ

107ನೇ ಕೀರ್ತನೆ ಅಕ್ಕ! ಅದರಲ್ಲಿ ನಾಲ್ಕು ಗುಂಪು ಇದೆ. ಅಡವಿಯಲ್ಲಿ ದಾರಿ ತಪ್ಪಿದವರು, ಸೆರೆಯಲ್ಲಿದ್ದವರು, ಕಾಯಿಲೆ ಬಿದ್ದವರು, ಸಮುದ್ರದಲ್ಲಿ ಸಿಕ್ಕವರು. ಮಾವನವರು ಕಾಯಿಲೆಯ ಭಾಗ ಓದಲಿ, 17ರಿಂದ 22.

ದುಬೈ ದೇವಪ್ಪ

17ನೇ ವಚನ ಒಂದು ಸಲ ನೋಡಿಕೊಂಡು ಹೇಳು ತಮ್ಮಾ. ಮೂರ್ಖರು ತಮ್ಮ ದುರ್ನಡತೆಯಿಂದಲೇ ಬಾಧೆಪಟ್ಟರು ಅಂತ ಶುರುವಾಗುತ್ತೆ. ಬೀಡಿ ಸೇದಿ ಹಾರ್ಟ್ ಅಟ್ಯಾಕ್ ಮಾಡಿಕೊಂಡವರ ಕೈಲಿ ಅದನ್ನ ಓದಿಸಿದರೆ ಸಭೆಯೆಲ್ಲ ನಗುತ್ತೆ.

ಹುಬ್ಬಳ್ಳಿ ಹಲ್ಲೆಲೂಯಾ

ಅಯ್ಯೋ ದೇವರೇ.

ನಿವೃತ್ತ ಅಯ್ಯ

116 ಓದಿಸಿ. ಪೂರ್ತಿ, 19 ವಚನ, ಜಾಸ್ತಿ ಹೊತ್ತು ಬೇಡ. 15ನ್ನು ಬಿಡಬೇಡಿ ಅಂತ ಅಯ್ಯನವರಿಗೂ ಒಂದು ಮಾತು ಹೇಳಿಟ್ಟಿರಿ, ಕೆಲವರು ಅವಸರದಲ್ಲಿ ಮಧ್ಯೆ ನಿಲ್ಲಿಸುತ್ತಾರೆ. ಆ ಕೀರ್ತನೆಗೆ ಲೆಂಟ್ ಅಡ್ಡಿಯಲ್ಲ. ಐಗುಪ್ತದಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕ ಹಬ್ಬದ ಊಟದಲ್ಲಿ ಯೆಹೂದ್ಯರು 113ರಿಂದ 118ರ ತನಕದ ಕೀರ್ತನೆಗಳನ್ನು ಹಾಡುವ ಪದ್ಧತಿ. ಕಡೇ ರಾತ್ರಿ ಊಟವಾದ ಮೇಲೆ ಯೇಸುವೂ ಶಿಷ್ಯರೂ ಹಾಡಿ ಎಣ್ಣೆಮರಗಳ ಗುಡ್ಡಕ್ಕೆ ಹೋದರು ಅಂತ ಮತ್ತಾಯ 26ರಲ್ಲಿದೆ. ಹಾಡಿದ್ದು ಇವೇ ಇರಬೇಕು ಅನ್ನುತ್ತಾರೆ ಪಂಡಿತರು. ಹಾಗಾದರೆ ಬಿಡುಗಡೆಯಾದವನ ಈ ಹಾಡನ್ನು ಬಿಡುಗಡೆ ಸಿಗದೆ ಹೋದವನು ಹಾಡಿದ್ದಾನೆ, ಮಾರನೇ ದಿನ ಶಿಲುಬೆ. ಆ ಹುಡುಗಿ ಅವತ್ತು ಬಂದರೂ ಸರಿ, ಬಾರದಿದ್ದರೂ ಸರಿ, ಆ ಕೀರ್ತನೆಯಲ್ಲಿ ಅವಳಿಗೂ ಜಾಗ ಇದೆ.

ಲೆಂಟಿನ 40 ದಿನದ ಲೆಕ್ಕದಲ್ಲಿ ಭಾನುವಾರ ಸೇರುವುದಿಲ್ಲ. ಕಾಣಿಕೆಯನ್ನು ಯಾವ ಭಾನುವಾರ ಬೇಕಾದರೂ ಕೊಡಿ. ಊಟ ಈಸ್ಟರ್ ಆದ ಮೇಲೆ ಇಟ್ಟುಕೊಳ್ಳಿ, ಅಷ್ಟರಲ್ಲಿ ಕೈಯಲ್ಲಿ ನಾಲ್ಕು ಕಾಸೂ ಕೂಡುತ್ತದೆ.

ಕಡಲತಡಿ

ನಮ್ಮಲ್ಲೂ ತಪಸ್ಸು ಕಾಲದಲ್ಲಿ ಕೃತಜ್ಞತೆಯ ಪೂಜೆ ಇಡಿಸಬಹುದು. ಅಲ್ಲೆಲೂಯಾ ಮಾತ್ರ ಹಾಡುವುದಿಲ್ಲ. ಹುಬ್ಬಳ್ಳಿಯವರಿಗೆ ಕಷ್ಟವಾದೀತು.

ನೈಟ್ ಡ್ಯೂಟಿ ಸಿಸ್ಟರ್

ಎಲ್ಲ ಸರಿ. ಓದುವಾಗ ಮಾವನವರಿಗೆ ಕುರ್ಚಿ ಹಾಕಿಸಿ, ನಿಲ್ಲಿಸಬೇಡಿ. ಆವತ್ತಿನ ಬೆಳಗಿನ ಮಾತ್ರೆ ತಪ್ಪಿಸಬಾರದು, ಆರಾಧನೆ ಉದ್ದ ಆದರೆ ಆಮೇಲೆ ತಗೋತೀನಿ ಅಂತಾರೆ. ಈಸ್ಟರ್ ಆದ ಮೇಲೆ ಊಟ ಅಂದಿರಲ್ಲ, ಊರಿಗೆಲ್ಲ ಬಿರಿಯಾನಿ ಹಾಕಿ, ಅವರಿಗೆ ಉಪ್ಪು ಎಣ್ಣೆ ಕಡಿಮೆ ಇರೋ ಬೇರೆ ಪಾತ್ರೆ. ಹರಕೆ ಅತ್ತೆಯದು, ಅವರದಲ್ಲ ಅಂತ ಹೇಳಿ.